ಬಿಸಾಡುವ ನೀರಿನಲ್ಲೇ ಇದೆ ಕರೆಂಟು

ನಮ್ಮ ಅಡುಗೆಮನೆಯ ಆರ್‌ಒ ಮಷೀನಿನಿಂದ ಒಂದು ತೆಳ್ಳಗಿನ ಪೈಪು ಸಿಂಕಿಗೆ ಇಳಿದಿದೆ. ಅದು ವೇಸ್ಟ್ ನೀರಿನದು. ಕೆಳಗೆ ಬಕೆಟ್ ಇಟ್ಟು, ತುಂಬಿದ ನೀರಿನಲ್ಲಿ ನೆಲ ಒರೆಸುತ್ತೇವೆ. ನೀರೇನೋ ಉಳಿಯಿತು. ಆದರೆ ಆ ಪೈಪಿನಲ್ಲಿ ಒತ್ತಡವೂ ಪೋಲಾಗುತ್ತಿರುತ್ತದೆ. ಪೈಪಿನ ದಾರಿಯಲ್ಲಿ ಫ್ಲೋ ರಿಸ್ಟ್ರಿಕ್ಟರ್ ಅನ್ನುವ ಪುಟ್ಟ ಪ್ಲಾಸ್ಟಿಕ್ ತುಂಡಿದೆ. ಅದರ ಆ ಬದಿ ಪಂಪಿನ ಒತ್ತಡ, ಈ ಬದಿ ಸುಮ್ನೆ ತೊಟ್ಟಿಕ್ಕುವ ನೀರು.

ಮನೆಯಲ್ಲಿ ಇದು ದೊಡ್ಡ ನಷ್ಟವಲ್ಲ, ಪಂಪೇ ಚಿಕ್ಕದು. ಸಮುದ್ರದ ನೀರನ್ನು ಹೀಗೇ ಆರ್‌ಒದಲ್ಲಿ ಸಿಹಿಯಾಗಿಸುವ ಕಥೆ ಬೇರೆ. ಆ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಉಪ್ಪು ಜಾಸ್ತಿ ಇರುವ ಕಡೆಗೆ ಹೋಗುವುದು ನೀರಿನ ಗುಣ. ಅದನ್ನು ಉಪ್ಪು ತಡೆದು ನೀರನ್ನಷ್ಟೇ ಬಿಡುವ ಪೊರೆ ದಾಟಿಸಿ ವಾಪಸ್ ನೂಕಬೇಕಲ್ಲ, ಅದಕ್ಕೆ ಸುಮಾರು 60 ಬಾರ್ ಒತ್ತಡ ಕೊಡುತ್ತಾರೆ. ಕಾರಿನ ಟೈರಿನಲ್ಲಿರುವುದರ 25 ಪಟ್ಟಿಗೂ ಜಾಸ್ತಿ!

ಒಂದು ಲೆಕ್ಕ ಹಾಕೋಣ. 2,500 ಲೀಟರ್ ನೂಕಿದರೆ ಸಿಗುವ ಸಿಹಿನೀರು 1,000 ಲೀಟರ್ ಅಂತಿಟ್ಟುಕೊಳ್ಳಿ. ಉಳಿದ 1,500 ಲೀಟರ್ ಗಟ್ಟಿ ಉಪ್ಪುನೀರು ಹೆಚ್ಚುಕಡಿಮೆ ಅದೇ ಒತ್ತಡದಲ್ಲಿ ಹೊರಬರುತ್ತದೆ. ಅದರಲ್ಲಿರುವ ಶಕ್ತಿ ಎರಡೂವರೆ ಯೂನಿಟ್ ಕರೆಂಟಿಗೆ ಸಮ. ಚೆನ್ನೈ ಪಕ್ಕದ ನೆಮ್ಮೇಲಿಯಲ್ಲಿ ಸಮುದ್ರದ ನೀರು ಸಿಹಿಯಾಗಿಸುವ ಮೊದಲ ಘಟಕ ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯದ್ದು. ಅಷ್ಟು ನೀರಿಗೆ ಈ ಲೆಕ್ಕ ಹಿಡಿದರೆ ದಿನಕ್ಕೆ ಎರಡೂವರೆ ಲಕ್ಷ ಯೂನಿಟ್. ಯಾರು ಸಮುದ್ರಕ್ಕೆ ಬಿಡುತ್ತಾರೆ?

ಮೊದಮೊದಲು ಈ ಉಪ್ಪುನೀರನ್ನು ಟರ್ಬೈನಿಗೆ ಹಾಯಿಸುತ್ತಿದ್ದರು. ಅಲ್ಲೂ ಒಂದಷ್ಟು ಶಕ್ತಿ ಸೋರುತ್ತಿತ್ತು. ಪ್ರೆಶರ್ ಎಕ್ಸ್‌ಚೇಂಜರ್ ಬಂದಮೇಲೆ ಆಟವೇ ಬದಲಾಯಿತು. ಅದರೊಳಗಿರುವುದು ಉದ್ದುದ್ದ ತೂತುಗಳ ಒಂದು ಸೆರಾಮಿಕ್ ಉರುಳೆ, ಅಷ್ಟೇ. ತೂತಿನೊಳಗೆ ಹೊಸ ಸಮುದ್ರದ ನೀರು ತುಂಬುತ್ತದೆ. ಉರುಳೆ ಸ್ವಲ್ಪ ತಿರುಗುತ್ತಿದ್ದಂತೆ ಹಿಂದಿನಿಂದ ಒತ್ತಡದ ಉಪ್ಪುನೀರು ನುಗ್ಗಿ, ಹೊಸ ನೀರನ್ನು ಪೊರೆಯ ಕಡೆಗೆ ತಳ್ಳುತ್ತದೆ. ನಡುವೆ ಗೋಡೆಯೂ ಇಲ್ಲ, ಪಿಸ್ಟನ್ನೂ ಇಲ್ಲ. ಎರಡೂ ನೀರು ಬೆರೆತುಹೋಗುವುದಿಲ್ಲವಾ? ಸ್ವಲ್ಪ ಬೆರೆಯುತ್ತದೆ. ಆದರೆ ಉರುಳೆ ಎಷ್ಟು ಬೇಗ ತಿರುಗುತ್ತದೆಂದರೆ, ಜಾಸ್ತಿ ಬೆರೆಯಲು ಪುರಸೊತ್ತೇ ಇಲ್ಲ. ಒತ್ತಡದ ಶೇ. 95ಕ್ಕೂ ಹೆಚ್ಚು ಪಾಲು ಹೀಗೆ ವಾಪಸ್ ಸಿಗುತ್ತದೆ. ದೊಡ್ಡ ಪಂಪಿಗೆ ಇನ್ನು ಸಿಹಿನೀರಾಗಿ ಹೋದಷ್ಟನ್ನು ತುಂಬುವ ಕೆಲಸ ಮಾತ್ರ.

1970ರ ದಶಕದಲ್ಲಿ 1,000 ಲೀಟರ್ ಸಿಹಿನೀರಿಗೆ 10 ಯೂನಿಟ್‌ಗೂ ಹೆಚ್ಚು ಕರೆಂಟು ಬೇಕಿತ್ತು. ಈಗ ಒಳ್ಳೆಯ ಘಟಕಗಳಲ್ಲಿ ಮೂರರಿಂದ ನಾಲ್ಕು ಯೂನಿಟ್ ಸಾಕು. ಇನ್ನೂ ಇಳಿಸಬಹುದು, ಆದರೆ ಸೊನ್ನೆಗಲ್ಲ. ಸಮುದ್ರದ ನೀರಿನ ಅರ್ಧದಷ್ಟನ್ನು ಸಿಹಿಯಾಗಿಸಲು ಪ್ರಕೃತಿ ಕೇಳುವ ಕನಿಷ್ಠ ಬೆಲೆಯೇ 1,000 ಲೀಟರಿಗೆ ಸುಮಾರು ಒಂದು ಯೂನಿಟ್. ಅಲ್ಲಿ ಚೌಕಾಸಿ ನಡೆಯುವುದಿಲ್ಲ.