ಬಾವಿ, ಗ್ಯಾಸ್, ಗುಡ್ಡೆಯ ಬೆಂಕಿ: ನಮ್ಮ ಅಗ್ನಿಶಾಮಕ ದಳದ ಕೆಲಸವನ್ನು ಓದುವ ಕ್ರಮ

ಕೇರಳ ಪಿಎಸ್‌ಸಿಯ ಫೈರ್ ಆ್ಯಂಡ್ ರೆಸ್ಕ್ಯೂ ಆಫೀಸರ್ ಹುದ್ದೆಗೆ ಓದುತ್ತಿರುವ ಕಾಸರಗೋಡಿನ ಕನ್ನಡ ಗೆಳೆಯರಿಗಾಗಿ ಈ ಟಿಪ್ಪಣಿ. ಪಾಠವನ್ನು ಬೆಂಕಿಯಿಂದ ಆರಂಭಿಸುವುದು ವಾಡಿಕೆ. ನಾನು ಬಾವಿಯಿಂದ ಆರಂಭಿಸುತ್ತೇನೆ. ಹಿತ್ತಿಲಿಗೊಂದು ಬಾವಿ ಇರುವ ನಾಡಿನಲ್ಲಿ ದಳದ ಕೆಲಸ ತಿಳಿಯಬೇಕಾದರೆ ಅದೇ ಸರಿಯಾದ ದಾರಿ.

ಬೇಸಿಗೆಯಲ್ಲಿ ಕೆಸರು ತೆಗೆಯಲು ಒಬ್ಬರು ಬಾವಿಗೆ ಇಳಿಯುತ್ತಾರೆ, ಅರ್ಧದಲ್ಲೇ ತಲೆ ತಿರುಗಿ ಬೀಳುತ್ತಾರೆ. ಮೇಲಿದ್ದವರು ಗಾಬರಿಯಿಂದ ಹಿಂದೆಯೇ ಇಳಿಯುತ್ತಾರೆ. ಒಂದು ಜೀವದ ಜೊತೆ ಇನ್ನೊಂದು ಹೋಗುವುದು ಹೀಗೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21. ಕಸಕಡ್ಡಿ ಕೊಳೆತು ಹುಟ್ಟುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ತಂಗುತ್ತದೆ; ಆಮ್ಲಜನಕ ಕುಸಿಯುತ್ತದೆ. ದೀಪ ಇಳಿಸಿ ನೋಡುವ ಹಳೆಯ ಕ್ರಮ ಈ ಕೊರತೆಯನ್ನು ತೋರಿಸಬಹುದು. ಆದರೆ ಬಾವಿಯೊಳಗೆ ಡೀಸೆಲ್ ಪಂಪ್ ಓಡಿಸಿದ್ದರೆ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್ ದೀಪಕ್ಕೆ ಗೊತ್ತಾಗುವುದಿಲ್ಲ. ದೀಪ ಉರಿಯುತ್ತಿದೆ ಎಂದು ಇಳಿದವರೂ ಸಾಯಬಹುದು. ಇದನ್ನು ಪರೀಕ್ಷೆಗಾಗಿ ಮಾತ್ರವಲ್ಲ, ಮನೆಯವರಿಗೆ ಹೇಳುವುದಕ್ಕಾಗಿಯೂ ಓದಿಕೊಳ್ಳಿ.

ದಳದವರು ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಇಳಿಯುತ್ತಾರೆ. ಬಿಎ ಸೆಟ್ ಎನ್ನುವುದು ಇದನ್ನೇ. ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. ಒತ್ತಡ ಇಳಿಯುತ್ತಿದ್ದಂತೆ ಸೀಟಿ ಕೂಗುತ್ತದೆ; ಕೂಗಿದರೆ ಮೇಲೆ ಬರಲೇಬೇಕು. ಬಿದ್ದವರನ್ನು ಎತ್ತಲು ಬಲೆ ಅಥವಾ ಚೇರ್ ನಾಟ್: ಹಗ್ಗದ ಒಂದು ಕುಣಿಕೆ ಕಂಕುಳ ಕೆಳಗೆ, ಇನ್ನೊಂದು ಮೊಣಕಾಲ ಹಿಂದೆ. ಹಗ್ಗ ಕೈಯಲ್ಲಿ ಹಿಡಿದು ಕಟ್ಟಿ ನೋಡಿ, ಚಿತ್ರದಿಂದ ಇದು ತಲೆಗೆ ಹತ್ತುವುದಿಲ್ಲ.

ಇನ್ನು ನೀರಿನ ಲೆಕ್ಕ. ಟ್ಯಾಂಕಿನಲ್ಲಿ 4,500 ಲೀಟರ್ ನೀರಿರುವ ವಾಹನವೊಂದು ನಿಮಿಷಕ್ಕೆ 450 ಲೀಟರ್ ಹಾಯಿಸಿದರೆ 10 ನಿಮಿಷಕ್ಕೆ ಬರಿದು. ಆದ್ದರಿಂದ ಹತ್ತಿರದ ಹೊಳೆ, ಕೆರೆ ಎಲ್ಲಿ ಎಂಬ ಅರಿವು ಪಂಪಿನಷ್ಟೇ ಮುಖ್ಯ. ಮಾರ್ಚ್, ಏಪ್ರಿಲಿನಲ್ಲಿ ಮುಳಿಹುಲ್ಲಿನ ಗುಡ್ಡೆಗೆ ಬೆಂಕಿ ಬಿದ್ದರೆ ವಾಹನ ಮೇಲೇರುವುದೂ ಕಷ್ಟ. ಆಗ ಹಸಿ ಸೊಪ್ಪಿನಲ್ಲಿ ಬಡಿಯಬೇಕು, ಮುಂದಿನ ಹುಲ್ಲನ್ನು ಸವರಿ ಬೆಂಕಿಗೆ ಆಹಾರ ಸಿಗದಂತೆ ಮಾಡಬೇಕು. ಪುಸ್ತಕದಲ್ಲಿ 'ಇಂಧನ ತೆಗೆಯುವ ವಿಧಾನ' ಎಂದಿರುವುದು ಇದೇ. ನೀರು ಹಾಕುವುದು ತಂಪು ಮಾಡುವ ವಿಧಾನ, ನೊರೆ ಮುಚ್ಚುವುದು ಆಮ್ಲಜನಕ ತಪ್ಪಿಸುವ ವಿಧಾನ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನವೂ ಸಾಗುವ ಗ್ಯಾಸ್ ಟ್ಯಾಂಕರ್‌ಗಳ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. 2012ರ ಆಗಸ್ಟ್‌ನಲ್ಲಿ ನೆರೆಯ ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಮಗುಚಿ ಹೊತ್ತಿಕೊಂಡು ಹಲವರು ಜೀವ ಕಳೆದುಕೊಂಡರು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ಮೇಲೆ ಹಾರಿಹೋಗದೆ ತಗ್ಗಿಗೆ ಹರಿದು, ದೂರದ ಒಲೆಯ ಕಿಡಿಯನ್ನೂ ಮುಟ್ಟಬಲ್ಲದು. ಹಾಗಾಗಿ ಮೊದಲು ಜನರನ್ನು ದೂರ ಕಳುಹಿಸುವುದು, ಸುತ್ತಲಿನ ಒಲೆ ಆರಿಸುವುದು, ವಾಹನ ನಿಲ್ಲಿಸುವುದು. ಸೋರುವ ಜಾಗದಲ್ಲೇ ಬೆಂಕಿ ಉರಿಯುತ್ತಿದ್ದು, ಸೋರಿಕೆ ನಿಲ್ಲಿಸಲಾಗದಿದ್ದರೆ ಜ್ವಾಲೆಯನ್ನು ಆರಿಸಹೋಗಬಾರದು. ಉರಿಯದ ಗ್ಯಾಸ್ ಸುತ್ತ ತುಂಬಿ ಒಮ್ಮೆಲೇ ಸ್ಫೋಟಿಸಿದರೆ ಅಪಾಯ ಇನ್ನೂ ದೊಡ್ಡದು. ಅಂಥಲ್ಲಿ ದೂರದಿಂದ ನೀರು ಹಾಯಿಸಿ ಟ್ಯಾಂಕನ್ನು ತಂಪಾಗಿಡುತ್ತಾರೆ. ಬೆಂಕಿಯನ್ನು ಉರಿಯಲು ಬಿಡುವುದೂ ಕೆಲವೊಮ್ಮೆ ಸರಿಯಾದ ಕಾರ್ಯಾಚರಣೆ ಎಂಬುದನ್ನು ಅರ್ಥ ಮಾಡಿಕೊಂಡವರಿಗೆ ಈ ಭಾಗದ ಪ್ರಶ್ನೆಗಳು ಸುಲಭ.

ತಪಾಸಣೆ, ನಿರಾಕ್ಷೇಪಣಾ ಪತ್ರ ಇವು ಒಣ ವಿಷಯ ಎನಿಸಬಹುದು. 2024ರ ಅಕ್ಟೋಬರ್ 28ರ ರಾತ್ರಿ ನೀಲೇಶ್ವರದ ದೈವಸ್ಥಾನದಲ್ಲಿ ತೆಯ್ಯಂ ವೇಳೆ ಸಂಗ್ರಹಿಸಿಟ್ಟಿದ್ದ ಪಟಾಕಿ ಸಿಡಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡದ್ದನ್ನು ನೆನೆದು ಆ ಪಾಠ ಓದಿ. ಪಟಾಕಿ ಇಡುವ ಜಾಗ, ಸುಡುವ ಜಾಗ, ಜನ ನಿಲ್ಲುವ ಜಾಗ ಇವುಗಳ ನಡುವಿನ ಅಂತರವೇ ಅಲ್ಲಿನ ಮುಖ್ಯ ವಿಷಯ.

ಉಳಿದವು ಬಾಯಿಪಾಠಕ್ಕೆ: ಕರೆ ಸಂಖ್ಯೆ 101, ಎಲ್ಲ ತುರ್ತಿಗೂ 112. ಕೇರಳ ಫೈರ್ ಫೋರ್ಸ್ ಕಾಯ್ದೆ 1962ರದ್ದು. ತರಬೇತಿ ಅಕಾಡೆಮಿ ತೃಶೂರಿನ ವಿಯ್ಯೂರಿನಲ್ಲಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ಸ್ಮರಣೆಗಾಗಿ.