ಕರಿದ ಎಣ್ಣೆ ಮತ್ತು ಡೀಸೆಲ್ ಲಾರಿ: ಎಂಜಿನ್ ಪಾಠಕ್ಕೊಂದು ಟಿಪ್ಪಣಿ

ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಬಜ್ಜಿ, ಬೋಂಡ ಕರಿದು ಕಪ್ಪಾದ ಎಣ್ಣೆಯನ್ನು ಸೋಸಿ ಲಾರಿಯ ಟ್ಯಾಂಕಿಗೆ ಸುರಿದರೆ ಎಂಜಿನ್ ಓಡುತ್ತದೆಯೇ? ಓಡುತ್ತದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಎಷ್ಟು ಕಾಲ ಓಡೀತು ಎಂದು ಕೇಳಿದಾಗ ಮಾತ್ರ ಪಾಠ ಶುರುವಾಗುತ್ತದೆ.

ಶಾಖಮೌಲ್ಯವನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು. ಡೀಸೆಲ್ ಕೆ.ಜಿ.ಗೆ ಸುಮಾರು 43 ಮೆಗಾಜೂಲ್, ಅಡುಗೆ ಎಣ್ಣೆ 37ರ ಆಸುಪಾಸು. ಮೈಲೇಜ್ ಕೊಂಚ ಇಳಿಯುತ್ತದೆ, ಅಷ್ಟೇ. ನಿಜವಾದ ತಕರಾರು ಇರುವುದು ಸ್ನಿಗ್ಧತೆಯಲ್ಲಿ, ಅಂದರೆ ಸಲೀಸಾಗಿ ಹರಿಯದ ಮಂದತನದಲ್ಲಿ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೀಸೆಲ್‌ನದು 2ರಿಂದ 4.5 ಸೆಂಟಿಸ್ಟೋಕ್ಸ್, ಅಡುಗೆ ಎಣ್ಣೆಯದು ಹೆಚ್ಚುಕಡಿಮೆ ಅದರ ಹತ್ತು ಪಟ್ಟು. ಸಿಲಿಂಡರಿಗೆ ಇಂಧನ ಚಿಮ್ಮಿಸುವ ನಾಜಲ್‌ನ ಸಣ್ಣ ತೂತುಗಳಲ್ಲಿ ಡೀಸೆಲ್ ನುಣ್ಣಗೆ ಒಡೆದು ಹೊರಬರುತ್ತದೆ. ಮಂದ ಎಣ್ಣೆ ಹಾಗೆ ಒಡೆಯುವುದಿಲ್ಲ, ದಪ್ಪ ಹನಿಗಳಾಗಿ ದೂರಕ್ಕೆ ಚಿಮ್ಮಿ ಸಿಲಿಂಡರ್ ಗೋಡೆಗೆ ಬಡಿಯುತ್ತದೆ. ಪೂರ್ತಿ ಉರಿಯದೆ ಉಳಿದದ್ದು ನಾಜಲ್ ತುದಿಗೆ ಮಸಿಯಾಗಿ ಕಟ್ಟುತ್ತದೆ, ಪಿಸ್ಟನ್ ರಿಂಗ್ ಹಿಡಿದುಕೊಳ್ಳುತ್ತದೆ. ಗೋಡೆಯಿಂದ ಕೆಳಗಿಳಿದ ಎಣ್ಣೆ ಎಂಜಿನ್ ಆಯಿಲ್‌ಗೆ ಸೇರಿ ಅದನ್ನೂ ಮಡ್ಡಿ ಮಾಡುತ್ತದೆ. ಮೊದಮೊದಲು ಲಾರಿ ಏನೂ ತೋರಿಸಿಕೊಳ್ಳದೆ ಓಡುವುದರಿಂದಲೇ ಜನ ನಂಬಿಬಿಡುತ್ತಾರೆ.

ಹಾಗಾದರೆ ಎಣ್ಣೆಯನ್ನು ತೆಳುವಾಗಿಸಬೇಕು. ಒಂದು ದಾರಿ ಬಿಸಿ ಮಾಡುವುದು. ಎರಡು ಟ್ಯಾಂಕ್ ಇಟ್ಟುಕೊಂಡು ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ರೇಡಿಯೇಟರ್ ನೀರು ಕಾದ ಮೇಲೆ ಅದೇ ನೀರಿನಿಂದ ಎಣ್ಣೆಯನ್ನು 70–80 ಡಿಗ್ರಿಗೆ ಏರಿಸಿ ಆ ಟ್ಯಾಂಕಿಗೆ ಬದಲಾಯಿಸುತ್ತಾರೆ. ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ಗೆ ಬಂದು ಪೈಪು, ನಾಜಲ್ ತೊಳೆದುಕೊಳ್ಳಬೇಕು; ಮರೆತರೆ ಮರುದಿನ ಬೆಳಿಗ್ಗೆ ಸೆಲ್ಫ್ ಎಷ್ಟು ಹೊಡೆದರೂ ಗಾಡಿ ಏಳುವುದಿಲ್ಲ. ತುಮಕೂರು ರಸ್ತೆ ಹಿಡಿದು ದೂರ ಹೋಗುವ ಹಳೆಯ ಇನ್‌ಲೈನ್ ಪಂಪಿನ ಲಾರಿಗೆ ಇದು ಒಗ್ಗೀತು. ಊರೊಳಗೆ ಹತ್ತು ಕಡೆ ನಿಂತು ಸರಕು ಇಳಿಸುವ ಗಾಡಿಗೆ ನನ್ನ ಮಟ್ಟಿಗೆ ಇದು ಬರೀ ತಲೆನೋವು, ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ.

ಇನ್ನೊಂದು ದಾರಿ ರಸಾಯನಶಾಸ್ತ್ರದ್ದು, ಪರೀಕ್ಷೆಗೂ ಮುಖ್ಯ. ಎಣ್ಣೆಯ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲದ ಸರಪಳಿಗಳು ಒಂದು ಗ್ಲಿಸರಾಲ್‌ಗೆ ಅಂಟಿಕೊಂಡಿರುತ್ತವೆ. ಮೆಥನಾಲ್ ಸೇರಿಸಿದರೆ ಸರಪಳಿಗಳು ಗ್ಲಿಸರಾಲ್ ಬಿಟ್ಟು ಮೆಥನಾಲ್ ಹಿಡಿಯುತ್ತವೆ. ಹೀಗೆ ಹುಟ್ಟುವ ಮೂರು ಮೀಥೈಲ್ ಎಸ್ಟರ್‌ಗಳೇ ಬಯೋಡೀಸೆಲ್. ಸ್ನಿಗ್ಧತೆ 4–5ಕ್ಕೆ ಇಳಿಯುತ್ತದೆ. ಲೀಟರ್ ಎಣ್ಣೆಗೆ ಸುಮಾರು 200 ಮಿ.ಲೀ. ಮೆಥನಾಲ್, ಕ್ರಿಯಾವರ್ಧಕವಾಗಿ ಕಾಸ್ಟಿಕ್ ಸೋಡ, ಉಷ್ಣತೆ 55–60 ಡಿಗ್ರಿ. ಮೆಥನಾಲ್ 64.7 ಡಿಗ್ರಿಗೇ ಕುದಿಯುವುದರಿಂದ ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಅದು ವಿಷ, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಬೀಳುವುದೂ ಕಷ್ಟ. ಲ್ಯಾಬ್ ಬಿಟ್ಟು ಮನೆಯಲ್ಲಿ ಕೈ ಹಾಕಬೇಡಿ.

ಕಾಸ್ಟಿಕ್ ಎಷ್ಟು ಎನ್ನುವಲ್ಲಿ ಕರಿದ ಎಣ್ಣೆಯ ಚರಿತ್ರೆ ಬಯಲಾಗುತ್ತದೆ. ಬಾಣಲೆಯಲ್ಲಿ ಮತ್ತೆ ಮತ್ತೆ ಕಾದಾಗ ತಿಂಡಿಯ ನೀರಿನಂಶ ಸೇರಿ ಎಣ್ಣೆ ಒಡೆದು ಬಿಡಿ ಕೊಬ್ಬಿನಾಮ್ಲ ಹುಟ್ಟುತ್ತದೆ. ಅದು ಕಾಸ್ಟಿಕ್ ತಿಂದು ಸೋಪಾಗುತ್ತದೆ. ಹಾಗಾಗಿ ಆ ಆಮ್ಲ ಎಷ್ಟಿದೆ ಎಂದು ಅಳೆಯಲು ಮೊದಲು ಟೈಟ್ರೇಷನ್: 1 ಮಿ.ಲೀ. ಎಣ್ಣೆಯನ್ನು 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿ, ಲೀಟರಿಗೆ 1 ಗ್ರಾಂ ಕಾಸ್ಟಿಕ್ ಇರುವ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಆಮ್ಲ ತೀರಿದ ಕೂಡಲೇ ಬಣ್ಣ ಬದಲಿಸಿ ತೋರಿಸುವ ಫಿನಾಲ್ಫ್ತಲೀನ್ ಇಲ್ಲದಿದ್ದರೆ ಚಿಟಿಕೆ ಅರಿಶಿನವೂ ಆದೀತು, ಆರತಿ ತಟ್ಟೆಯಲ್ಲಿ ಸುಣ್ಣ ಬಿದ್ದ ಅರಿಶಿನ ನೀರಿನಂತೆ ಕೆಂಪಾಗುತ್ತದೆ. ಹೊಸ ಎಣ್ಣೆಗೆ ಲೀಟರಿಗೆ 3.5 ಗ್ರಾಂ ಕಾಸ್ಟಿಕ್ ಸಾಕು. ಟೈಟ್ರೇಷನ್‌ನಲ್ಲಿ ಹಿಡಿಸಿದ ಪ್ರತಿ ಮಿ.ಲೀ.ಗೆ ಒಂದು ಗ್ರಾಂ ಹೆಚ್ಚು: ದ್ರಾವಣ 2 ಮಿ.ಲೀ. ಹಿಡಿಸಿದರೆ 5.5 ಗ್ರಾಂ ಬೇಕು. ತುಂಬಾ ಹಿಡಿಸಿದರೆ ಗಂಧಕಾಮ್ಲ, ಮೆಥನಾಲ್ ಹಾಕಿ ಬಿಡಿ ಆಮ್ಲವನ್ನು ಎಸ್ಟರ್ ಮಾಡುವ ಒಂದು ಸುತ್ತು ಮುಂಚೆಯೇ ಆಗಬೇಕು, ಇಲ್ಲವಾದರೆ ಪಾತ್ರೆಯ ತುಂಬ ಸೋಪು ಮಾತ್ರ. ಎಣ್ಣೆಯಲ್ಲಿ ನೀರಿದ್ದರೂ ಅದೇ ಗತಿ. ಬಿಸಿ ತವಾ ಮೇಲೆ ಒಂದು ಹನಿ ಬಿಟ್ಟಾಗ ಚಟಪಟ ಅಂದರೆ ನೀರಿದೆ ಎಂದರ್ಥ.

ಎಣ್ಣೆ ಸಿಗುವುದೆಲ್ಲಿ? ಒಟ್ಟು ಧ್ರುವೀಯ ಸಂಯುಕ್ತಗಳು (ಕಾದು ಕೆಟ್ಟ ಎಣ್ಣೆಯಲ್ಲಿ ಹೆಚ್ಚುವ ವಸ್ತುಗಳು) ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಮಿತಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಥ ಎಣ್ಣೆ ಬಯೋಡೀಸೆಲ್‌ಗೆ ಹೋಗಲೆಂದು ಅದೇ ವರ್ಷ ರುಕೋ ಯೋಜನೆ ಬಂತು. ತಯಾರಾದ ಬಯೋಡೀಸೆಲ್‌ಗೆ ಐಎಸ್ 15607 ಮಾನದಂಡ.

ಬಿಎಸ್–6 (ಹೊಗೆ ಮಾಲಿನ್ಯದ ಹೊಸ ನಿಯಮದ) ಲಾರಿಗೆ ಬಯೋಡೀಸೆಲ್ ಮಾಡದ ಅಡುಗೆ ಎಣ್ಣೆ ಬೇಡವೇ ಬೇಡ. ಎಲ್ಲ ನಾಜಲ್‌ಗಳಿಗೂ ಇಂಧನ ಒದಗಿಸುವ ಕಾಮನ್ ರೈಲ್ ಕೊಳವೆಯ ಭಾರಿ ಒತ್ತಡ, ನಾಜಲ್‌ನ ಸೂಕ್ಷ್ಮತೆ ಒಂದೆಡೆ. ಹೊಗೆ ಕೊಳವೆಯ ಫಿಲ್ಟರ್‌ನಲ್ಲಿ ಕೂತ ಮಸಿ ಸುಡಲೆಂದು ತಡವಾಗಿ ಚಿಮ್ಮಿಸುವ ಇಂಧನ ಆವಿಯಾಗದೆ ಎಂಜಿನ್ ಆಯಿಲ್ ಇರುವ ಸಂಪ್‌ಗೆ ಇಳಿಯುವುದು ಇನ್ನೊಂದೆಡೆ. ಬಯೋಡೀಸೆಲ್‌ನ ಪ್ರಮಾಣ ಹೆಚ್ಚಾದರೂ ಈ ಎರಡನೆಯ ತೊಂದರೆ ತಪ್ಪದು. ಹಳೆಯ ಲಾರಿಗೆ ಬಯೋಡೀಸೆಲ್ ಹಾಕುವವರು ಸಹಜ ರಬ್ಬರಿನ ಪೈಪುಗಳನ್ನು ಬದಲಿಸಬೇಕು, ಅವು ಊದಿಕೊಳ್ಳುತ್ತವೆ. ಟ್ಯಾಂಕಿನ ತಳದ ಹಳೇ ಜಿಡ್ಡನ್ನು ಬಯೋಡೀಸೆಲ್ ಕರಗಿಸಿಕೊಂಡು ಬರುವುದರಿಂದ ಮೊದಲ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಗಾಡಿಯಲ್ಲೊಂದು ಹೆಚ್ಚುವರಿ ಫಿಲ್ಟರ್ ಇಟ್ಟುಕೊಳ್ಳಿ.