ಹೆಡ್ ಯಾವುದು, ಟೇಲ್ ಯಾವುದು? ಲಿಂಕ್ಡ್ ಲಿಸ್ಟ್ ಹೆಸರುಗಳ ಹಿನ್ನೆಲೆ

ಲಿಂಕ್ಡ್ ಲಿಸ್ಟ್ ಎಂದರೆ ಪ್ರತಿ ಅಂಶವೂ ತನ್ನ ಡೇಟಾದ ಜೊತೆ ಮುಂದಿನ ಅಂಶದ ವಿಳಾಸವನ್ನೂ ಇಟ್ಟುಕೊಳ್ಳುವ ಸರಪಳಿ; ಅದರ ಒಂದೊಂದು ಅಂಶವೂ ಒಂದು ನೋಡ್. 10, 20, 30 ಎಂಬ ಮೂರು ನೋಡ್‌ಗಳ ಲಿಂಕ್ಡ್ ಲಿಸ್ಟ್ ಇದೆ ಎನ್ನೋಣ. ಇದರ ಟೇಲ್ ಯಾವುದು? ಸಿ ಭಾಷೆಯಲ್ಲಿ ಪಳಗಿದವರು 30 ಇರುವ ಕೊನೆಯ ನೋಡ್ ಅನ್ನುತ್ತಾರೆ. ಹ್ಯಾಸ್ಕೆಲ್ ಅಥವಾ ಸ್ಕಾಲಾ ಭಾಷೆಯಲ್ಲಿ ಟೇಲ್ ಕೇಳಿದರೆ ಕೈಗೆ ಬರುವುದು 20, 30 ಇರುವ ಇನ್ನೊಂದು ಲಿಸ್ಟ್. ಎರಡೂ ಸರಿಯೇ. ಆದರೆ ಒಂದರ ಅರ್ಥದಲ್ಲಿ ಬರೆದ ಕೋಡನ್ನು ಇನ್ನೊಂದರ ಅರ್ಥದಲ್ಲಿ ಓದಿದರೆ ಎಡವಟ್ಟು ಖಚಿತ. ಈ ಗೊಂದಲ ಎಲ್ಲಿಂದ ಬಂತು ಎಂದು ತಿಳಿಯಲು ಸುಮಾರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಲೆನ್ ನ್ಯೂವೆಲ್, ಕ್ಲಿಫ್ ಶಾ, ಹರ್ಬರ್ಟ್ ಸೈಮನ್ ಮೂವರೂ 1955–56ರಲ್ಲಿ ತರ್ಕದ ಪ್ರಮೇಯಗಳನ್ನು ಸಾಧಿಸುವ ಲಾಜಿಕ್ ಥಿಯರಿಸ್ಟ್ ಪ್ರೋಗ್ರಾಮಿಗಾಗಿ ಐಪಿಎಲ್ (ಇನ್ಫರ್ಮೇಶನ್ ಪ್ರೊಸೆಸಿಂಗ್ ಲ್ಯಾಂಗ್ವೇಜ್) ಭಾಷೆಯನ್ನು ಕಟ್ಟಿದರು. ಅದರಲ್ಲಿ ಲಿಸ್ಟೇ ಮುಖ್ಯ ಡೇಟಾ ಸ್ಟ್ರಕ್ಚರ್. ಮುಂದೆ ಬಂದ ಐಪಿಎಲ್-5ರಲ್ಲಿ ಮೆಮೊರಿಯ ಪ್ರತಿ ಪದಕ್ಕೂ (ವರ್ಡ್, ಅಂದರೆ ಯಂತ್ರ ಒಟ್ಟಿಗೆ ಓದುವ ಬಿಟ್‌ಗಳ ಗುಂಪು) ಒಂದು ಸಿಂಬಲ್ ಭಾಗ, ಒಂದು ಲಿಂಕ್ ಭಾಗ ಇತ್ತು. ಲಿಂಕ್ ಎಂದರೆ ಮುಂದಿನ ಪದದ ವಿಳಾಸ. ಏನು ಕೆಲಸ ಮಾಡುತ್ತದೋ ಅದನ್ನೇ ಹೇಳುವ ಹೆಸರು.

ಲಿಸ್ಪ್ ಹಾಗಲ್ಲ, ಅದು ಯಂತ್ರದ ಹೆಸರನ್ನೇ ಹೊತ್ತುಕೊಂಡು ಬಂತು. ಜಾನ್ ಮೆಕಾರ್ಥಿ 1958ರಲ್ಲಿ ಆರಂಭಿಸಿದ ಈ ಭಾಷೆ ಮೊದಲು ಓಡಿದ್ದು ಐಬಿಎಂ 704 ಮೇಲೆ. ಅದರ ಒಂದು ಪದ 36 ಬಿಟ್: ಪ್ರಿಫಿಕ್ಸ್ 3, ಡಿಕ್ರಿಮೆಂಟ್ 15, ಟ್ಯಾಗ್ 3, ಅಡ್ರೆಸ್ 15. 15 ಬಿಟ್‌ನಲ್ಲಿ ಒಂದು ಮೆಮೊರಿ ವಿಳಾಸ ಹಿಡಿಸುತ್ತಿದ್ದರಿಂದ, ಒಂದೇ ಪದದಲ್ಲಿ ಎರಡು ಪಾಯಿಂಟರ್ (ಮೆಮೊರಿ ವಿಳಾಸ ಹೇಳುವ ಸೂಚಕ) ಇಡಬಹುದಿತ್ತು. ಅಡ್ರೆಸ್ ಭಾಗ ಓದುವ ಫಂಕ್ಷನ್ ‘ಕಾರ್’ (car) ಆಯಿತು, ಡಿಕ್ರಿಮೆಂಟ್ ಭಾಗ ಓದುವುದು ‘ಕುಡರ್’ (cdr) ಆಯಿತು. ಕೆಲವು ತಿಂಗಳು ಪಾಠ ಮಾಡಿದ ಮೇಲೆ ಫಸ್ಟ್, ರೆಸ್ಟ್ ಎಂಬ ಹೆಸರುಗಳೇ ಚೆನ್ನ ಎಂದು ಹೊಳೆಯಿತಾದರೂ, ಅಷ್ಟರಲ್ಲಿ ಕಾಲ ಮಿಂಚಿತ್ತು ಎಂದು ಲಿಸ್ಪನ್ನು ಮೊದಲು ಯಂತ್ರಕ್ಕೆ ಇಳಿಸಿದ ಸ್ಟೀವ್ ರಸೆಲ್ ಮುಂದೆ ಹೇಳಿಕೊಂಡಿದ್ದಾರೆ.

ಹಳೆಯ ಹೆಸರು ಉಳಿದದ್ದಕ್ಕೆ ಬರೀ ಅಭ್ಯಾಸಬಲವನ್ನು ದೂರಬೇಕಿಲ್ಲ. ಕಾರ್, ಕುಡರ್ ಎರಡರ ನಡುವಿನ a, d ಅಕ್ಷರಗಳನ್ನು ಪೋಣಿಸಿದರೆ ಹೊಸ ಫಂಕ್ಷನ್ ಹುಟ್ಟುತ್ತದೆ: ‘ಕ್ಯಾಡರ್’ (cadr) ಎಂದರೆ ಕುಡರ್‌ನ ಕಾರ್, ಅಂದರೆ ಎರಡನೆಯ ಅಂಶ. ಕಾಮನ್ ಲಿಸ್ಪ್ ಇಂಥ ಜೋಡಣೆಯನ್ನು ನಾಲ್ಕು ಹಂತದವರೆಗೆ ಒಪ್ಪುತ್ತದೆ. ಫಸ್ಟ್, ರೆಸ್ಟ್‌ಗೆ ಆ ಅನುಕೂಲವಿಲ್ಲ. ಆದರೆ ಕುಡರ್‌ನ ಅರ್ಥ ‘ಮೊದಲನೆಯದನ್ನು ಬಿಟ್ಟು ಉಳಿದದ್ದೆಲ್ಲ’ ಎಂಬುದು ಗಟ್ಟಿಯಾಗಿ ನಿಂತಿತು. ಎಂಎಲ್, ಹ್ಯಾಸ್ಕೆಲ್ ಭಾಷೆಗಳು ಅದಕ್ಕೇ ಟೇಲ್ ಎಂದು ಹೆಸರಿಟ್ಟವು.

ನೋಡ್‌ಗಳನ್ನು ಕೈಯಾರೆ ಹೊಂದಿಸಬೇಕಾದ ಭಾಷೆಗಳಲ್ಲಿ ಅಗತ್ಯವೇ ಬೇರೆ. ಕೊನೆಗೆ ಹೊಸ ನೋಡ್ ಸೇರಿಸಲು ಪ್ರತಿ ಸಲ ಮೊದಲಿನಿಂದ ನಡೆದು ಬರುವುದನ್ನು ತಪ್ಪಿಸಬೇಕು. ಅದಕ್ಕೆ ಕೊನೆಯ ನೋಡ್‌ನ ವಿಳಾಸವನ್ನೇ ಎತ್ತಿಟ್ಟುಕೊಂಡರು. ಅದಕ್ಕೂ ಟೇಲ್ ಎಂದೇ ಹೆಸರು ಬಿತ್ತು.

ಹೆಡ್‌ನ ಕಥೆ ಇನ್ನೂ ಜಟಿಲ. ಅದು ಮೊದಲ ನೋಡ್ ಇರಬಹುದು, ಮೊದಲ ನೋಡನ್ನು ತೋರಿಸುವ ವೇರಿಯಬಲ್ ಇರಬಹುದು, ಇಲ್ಲವೇ ಡೇಟಾ ಇಲ್ಲದೆ ಸದಾ ಮುಂದೆ ನಿಲ್ಲುವ ಡಮ್ಮಿ ನೋಡ್ ಇರಬಹುದು. ಡೊನಾಲ್ಡ್ ಕ್ನೂತ್ 1968ರ ತಮ್ಮ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಮೊದಲ ಸಂಪುಟದಲ್ಲಿ ‘ಲಿಸ್ಟ್ ಹೆಡ್’ ಎಂದದ್ದು ಈ ಮೂರನೆಯದಕ್ಕೆ. ಈಗ ಅದನ್ನು ಸೆಂಟಿನೆಲ್ (ಕಾವಲುಗಾರ) ಎನ್ನುವವರೇ ಹೆಚ್ಚು, ಮತ್ತು ಅದೇ ಒಳ್ಳೆಯ ಹೆಸರು. ಡಮ್ಮಿಯನ್ನು ಮೊದಲ ನೋಡ್ ಎಂದು ತಿಳಿದು ಎಣಿಸಿದರೆ ಉದ್ದ ಒಂದು ಹೆಚ್ಚು ಬರುತ್ತದೆ. ಮೊದಲ ನೋಡನ್ನು ಡಮ್ಮಿ ಎಂದು ತಿಳಿದರೆ ಮೊದಲ ಡೇಟಾವೇ ಲೆಕ್ಕಕ್ಕೆ ಸಿಗುವುದಿಲ್ಲ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್‌ನಲ್ಲಿ ಈ ತೊಡಕು ಬರಿಗಣ್ಣಿಗೆ ಕಾಣುತ್ತದೆ. ಅಲ್ಲಿ ‘ಲಿಸ್ಟ್_ಹೆಡ್’ ಎಂಬ ಒಂದೇ ಸ್ಟ್ರಕ್ಟ್ (ಹಲವು ಫೀಲ್ಡುಗಳನ್ನು ಕೂಡಿಸಿದ ಡೇಟಾ ಟೈಪ್) ಲಿಸ್ಟಿನ ತಲೆಗೂ ಹೌದು, ಪ್ರತಿ ಅಂಶದೊಳಗೆ ಹುದುಗಿಸುವ ಕೊಂಡಿಗೂ ಹೌದು. ‘ಲಿಸ್ಟ್_ಆ್ಯಡ್’ಗೆ ಮೊದಲು ಹೊಸ ಅಂಶ, ಆಮೇಲೆ ಹೆಡ್ ಕೊಡಬೇಕು. ಎರಡರ ಟೈಪೂ ಒಂದೇ ಆದ್ದರಿಂದ ಅದಲು ಬದಲು ಮಾಡಿದರೆ ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ. ಕೊಂಡಿ ತನ್ನನ್ನೇ ತೋರಿಸುವಂತೆ ಇನಿಶಿಯಲೈಸ್ ಆಗಿದ್ದು ಲಿಸ್ಟ್ ಖಾಲಿಯಿದ್ದರೆ ಫಲಿತಾಂಶವೂ ಸರಿಯಾಗಿಯೇ ಬರುತ್ತದೆ! ಎರಡನೆಯ ಅಂಶ ಸೇರಿಸಿದಾಗ ಹೆಡ್‌ನ ಎರಡೂ ಪಾಯಿಂಟರ್‌ಗಳು ಹೊಸ ಅಂಶದತ್ತ ತಿರುಗುತ್ತವೆ, ಮೊದಲನೆಯದು ಕೈತಪ್ಪುತ್ತದೆ. ಎಷ್ಟೇ ಸೇರಿಸಿದರೂ ಲಿಸ್ಟಿನಲ್ಲಿ ಒಂದೇ ಅಂಶ ಕಾಣುತ್ತಿದ್ದರೆ ಮೊದಲು ಈ ಕ್ರಮವನ್ನೇ ನೋಡಬೇಕು.

ಇನ್ನೊಂದು ಸಮಸ್ಯೆ ಲೂಪಿನದು. ‘ಲಿಸ್ಟ್_ಫಾರ್_ಈಚ್_ಎಂಟ್ರಿ’ ಎಂಬ, ಪ್ರತಿ ಅಂಶವನ್ನೂ ಒಂದೊಂದಾಗಿ ಮುಟ್ಟುವ ಲೂಪ್ ನಡುವೆ ಬ್ರೇಕ್ ಆಗದೆ ಪೂರ್ತಿ ಸುತ್ತಿ ಬಂದರೆ, ಅದರ ವೇರಿಯಬಲ್ ಹೆಡ್‌ನ ವಿಳಾಸದಿಂದ ಲೆಕ್ಕಹಾಕಿದ, ನಿಜಕ್ಕೂ ಇಲ್ಲದ ಅಂಶವೊಂದನ್ನು ತೋರಿಸುತ್ತಿರುತ್ತದೆ. ಲೂಪಿನ ಹೊರಗೆ ಅದನ್ನು ಬಳಸುವ ತಪ್ಪಿನ ಮೇಲೆ 2022ರಲ್ಲಿ ಚರ್ಚೆ ಎದ್ದು, ವೇರಿಯಬಲನ್ನು ಲೂಪಿನೊಳಗೇ ಘೋಷಿಸಲು ಆಗಲಿ ಎಂದು ಕರ್ನಲ್ 5.18ರಿಂದ ಸಿ ಭಾಷೆಯ 1989ರ ಮಾನಕವಾದ ಸಿ89 ಬಿಟ್ಟು 2011ರ ಸಿ11ಗೆ ಬಂತು.

ಹಿಂದಿನ ನೋಡ್‌ಗೂ ಕೊಂಡಿ ಇಡುವ ಬಗೆಯನ್ನು ಜೋಸೆಫ್ ವೈಜೆನ್‌ಬಾಮ್ 1963ರಲ್ಲಿ ಸ್ಲಿಪ್ ಎಂಬ ವ್ಯವಸ್ಥೆಯಾಗಿ ಪ್ರಕಟಿಸಿದರು. ‘ಸಿಮೆಟ್ರಿಕ್’ ಎಂಬ ಮಾತು ಅದರ ಹೆಸರಿನಲ್ಲೇ ಇತ್ತು. ಈಗಿನ ಡಬ್ಲಿ ಲಿಂಕ್ಡ್ ಲಿಸ್ಟ್ ಅದೇ ಜಾತಿ. ಲಿನಕ್ಸಿನ ಇನ್ನೊಂದು ಬಗೆಯ ಲಿಸ್ಟ್ ಆದ ‘ಎಚ್‌ಲಿಸ್ಟ್’ ನೋಡಿನಲ್ಲಿ ಹಿಂದಿನ ನೋಡಿನ ವಿಳಾಸ ಇರುವುದಿಲ್ಲ, ಆ ನೋಡಿನ ನೆಕ್ಸ್ಟ್ ಪಾಯಿಂಟರ್ ಕುಳಿತ ಜಾಗದ ವಿಳಾಸ ಇರುತ್ತದೆ. ಹೀಗೆ ಮಾಡಿದರೆ ಮೊದಲ ನೋಡ್ ಅಳಿಸಲು ಪ್ರತ್ಯೇಕ ಇಫ್ ಬೇಡ. ಆ ಫೀಲ್ಡಿಗೆ ಪ್ರೆವ್ ಎನ್ನದೆ ‘ಪಿಪ್ರೆವ್’ ಎಂದಿಟ್ಟದ್ದು ಜಾಣತನ: ಇದು ಪಾಯಿಂಟರಿಗೇ ಪಾಯಿಂಟರ್ ಎಂದು ಓದುವವರಿಗೆ ಕೂಡಲೇ ತಿಳಿಯುತ್ತದೆ.

ಲೈಬ್ರರಿಗಳಲ್ಲಿ ‘ಲಿಸ್ಟ್’ ಎಂಬ ಹೆಸರನ್ನು ನಂಬಿ ಕೂರುವಂತಿಲ್ಲ. ಪೈಥಾನ್‌ನ ಲಿಸ್ಟ್, ಸಿ ಶಾರ್ಪ್‌ನ ಲಿಸ್ಟ್ ಎರಡೂ ಒಳಗೆ ಅರೇಗಳು, ಅಂದರೆ ಅಂಶಗಳು ಮೆಮೊರಿಯಲ್ಲಿ ಪಕ್ಕಪಕ್ಕದಲ್ಲೇ ಕೂರುವ ಸಾಲುಗಳು. ಮುಂದೆ ಒಂದು ಅಂಶ ತುರುಕಿದರೆ ಉಳಿದವೆಲ್ಲ ಸರಿಯಬೇಕು. ಸಿ++ನ ಲಿಸ್ಟ್ ಮಾತ್ರ ಡಬ್ಲಿ ಲಿಂಕ್ಡ್. ಅಲ್ಲಿ ‘ಇನ್ಸರ್ಟ್’ ಎಂದರೆ ಕೊಟ್ಟ ಜಾಗಕ್ಕಿಂತ ಮೊದಲು ಸೇರಿಸುವುದು. 2011ರ ಸಿ++ ಮಾನಕದಲ್ಲಿ ಏಕಮುಖ ಲಿಸ್ಟ್ ಬಂದಾಗ ಇದು ಒಗ್ಗಲಿಲ್ಲ. ಹಿಂದಿನ ನೋಡ್ ಗೊತ್ತಾಗಲು ಆರಂಭದಿಂದ ನಡೆಯಬೇಕಲ್ಲ! ಹಾಗಾಗಿ ಅದಕ್ಕೆ ‘ಫಾರ್ವರ್ಡ್_ಲಿಸ್ಟ್’ ಎಂದು ಬೇರೆ ಹೆಸರು ಕೊಟ್ಟು, ಇನ್ಸರ್ಟ್ ಬದಲು ‘ಇನ್ಸರ್ಟ್_ಆಫ್ಟರ್’ ಇಟ್ಟರು. ಮೊದಲ ಸ್ಥಾನದಲ್ಲೂ ಅದೇ ಕರೆ ನಡೆಯಲೆಂದು, ಮೊದಲ ಅಂಶಕ್ಕೂ ಹಿಂದಿನ ಜಾಗವನ್ನು ತೋರಿಸುವ ‘ಬಿಫೋರ್_ಬಿಗಿನ್’ ಸೇರಿಸಿದರು. ಅಲ್ಲಿ ಡೇಟಾ ಇಲ್ಲ, ಓದಲು ಹೋಗಬಾರದು.